ಕುಡಿತವೂ ರಾಜ್ಯರಹಸ್ಯವೂ

ಕುಡಿದು ವಾಹನ ನಡೆಸಿ ಒಮ್ಮೆ ಪೋಲೀಸರ ಕೈಗೆ ಸಿಕ್ಕವನಿಗೆ ರಾಷ್ಟ್ರದ ಗುಟ್ಟುಗಳನ್ನು ಒಪ್ಪಿಸಬಹುದೇ? ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸರಕಾರವು ರಹಸ್ಯ ಕಾಗದಪತ್ರಗಳನ್ನು ನೋಡುವ ಅರ್ಹತೆಯನ್ನು ನಿರ್ಣಯಿಸಲು 2017ನೆಯ ಜೂನ್ ತಿಂಗಳಲ್ಲಿ ಜಾರಿಗೆ ತಂದ ಹದಿಮೂರು ಸೂತ್ರಗಳಲ್ಲಿ ಒಂದು ಮದ್ಯಪಾನಕ್ಕೇ ಮೀಸಲಾಗಿದೆ. ಅಮಲಿನಲ್ಲಿ ವಾಹನ ನಡೆಸುವುದು, ಹೊಡೆದಾಡುವುದು, ಹೆಂಡತಿಯನ್ನು ಬಡಿಯುವುದು ಒಮ್ಮೆ ಮಾತ್ರ ನಡೆದಿದ್ದರೂ ಅರ್ಜಿದಾರನಿಗೆ ಪ್ರತಿಕೂಲವೆಂದು ಗಣಿಸಲ್ಪಡುತ್ತವೆ.

ಆದರೆ ಅಷ್ಟರಿಂದಲೇ ಬಾಗಿಲು ಮುಚ್ಚುವುದಿಲ್ಲ. ತಪ್ಪು ನಡೆದು ಬಹುಕಾಲ ಸಂದಿದ್ದರೆ, ಅವನು ದೋಷವನ್ನೊಪ್ಪಿ ಕುಡಿತವನ್ನು ತೊರೆದೋ ಮಿತಗೊಳಿಸಿಯೋ ಬಾಳಿದ್ದರೆ, ಚಿಕಿತ್ಸೆಯನ್ನು ಪೂರೈಸಿದ್ದರೆ, ಅದನ್ನೂ ತೂಗಿ ನೋಡುತ್ತಾರೆ. ಕೊನೆಗೂ ಸಂದೇಹ ಉಳಿದರೆ ಅದರ ಲಾಭವು ರಾಷ್ಟ್ರಕ್ಕೆ, ವ್ಯಕ್ತಿಗಲ್ಲ. ಪಾನವನ್ನು ಎಂದೂ ಸಮರ್ಥಿಸದ ನಮಗೂ ಈ ಕ್ರಮವು ನ್ಯಾಯವಾಗಿ ತೋರುತ್ತದೆ.

ಅರ್ಜಿದಾರರನ್ನು ನಿಜವಾಗಿ ಕೆಡಿಸುವುದು ಬಚ್ಚಿಡುವ ಬುದ್ಧಿ. ಮದ್ಯಕ್ಕೆ ಸಂಬಂಧಿಸಿದ ಆಪಾದನೆಯು ಎಷ್ಟು ಹಳೆಯದಾದರೂ ಅರ್ಜಿಯಲ್ಲಿ ಅದನ್ನು ತಿಳಿಸಬೇಕು. ತಿಳಿದೂ ಸುಳ್ಳು ಬರೆದರೆ ಅದೇ ಬೇರೊಂದು ಅಪರಾಧ. ಐದು ವರ್ಷಗಳ ವರೆಗೆ ಸೆರೆವಾಸ ಪ್ರಾಪ್ತವಾಗಬಹುದು. ಅಲ್ಲಿಯ ಪೌರತ್ವ ಪಡೆದು ಇಂಥ ಹುದ್ದೆಗಳನ್ನು ಬಯಸುವ ನಮ್ಮ ನಾಡಿನ ತರುಣರು ಇದನ್ನು ಮರೆಯಬಾರದು.

ಹೊಸಬನಿಗೆ ಇಷ್ಟು ಬಿಗಿಯಾದ ಶೋಧನೆ, ಒಳಗಿದ್ದವನಿಗೋ? ಗೂಢಚರ್ಯೆಯ ಕೇಂದ್ರ ಸಂಸ್ಥೆಯಾದ ಸಿ.ಐ.ಎ.ಯಲ್ಲಿ ಆಲ್ಡ್ರಿಚ್ ಏಮ್ಸನ ಕುಡಿತವನ್ನು ಸಹೋದ್ಯೋಗಿಗಳೆಲ್ಲ ಬಲ್ಲರು. ಮೆಕ್ಸಿಕೋದಿಂದ 1983ರಲ್ಲಿ ಮರಳಿದಾಗ ಅವನಿಗೆ ಬುದ್ಧಿ ಹೇಳಿಸಬೇಕೆಂದು ಶಿಫಾರಸಾಯಿತು. ಅದು ಒಂದು ಸಂಭಾಷಣೆಯಲ್ಲಿ ಮುಗಿಯಿತು! ಅವನು 1985ರಲ್ಲಿ ಸೋವಿಯತ್ ಗೂಢಚಾರರಿಗೆ ಗುಟ್ಟು ಮಾರತೊಡಗಿದನು. ಅನಂತರ ರೋಮಿನಲ್ಲಿ ಕುಡಿದು ಬೀದಿಯಲ್ಲಿ ಎಚ್ಚರದಪ್ಪಿ ಬಿದ್ದಾಗಲೂ ಯಾರೂ ಅವನ ಅಧಿಕಾರವನ್ನು ಕಸಿಯಲಿಲ್ಲ. 1994ರ ಫೆಬ್ರುವರಿಯಲ್ಲಿ ಬಂಧನವಾಗುವ ಹೊತ್ತಿಗೆ, ಅಮೆರಿಕಾವನ್ನು ನಂಬಿ ಸುದ್ದಿ ಕೊಟ್ಟಿದ್ದ ಹತ್ತು ಮಂದಿಯಾದರೂ ಮರಣದಂಡನೆಗೆ ಗುರಿಯಾಗಿದ್ದರು. ಕುಡಿತವೇ ಅವನನ್ನು ದ್ರೋಹಿಯನ್ನಾಗಿಸಿತೆಂದು ನಾವು ಹೇಳುವುದಿಲ್ಲ. ಹಣದಾಸೆಯೇ ಮುಖ್ಯ ಕಾರಣ. ಆದರೆ ಕಣ್ಣೆದುರಿಗಿದ್ದ ಕುಡಿತವನ್ನೇ ಕಾಣದವರು ಕಾಣದ ದ್ರೋಹವನ್ನು ಹೇಗೆ ಕಂಡಾರು?

ಈಗ ಅರ್ಹತೆ ಪಡೆದವನು ಎಲ್ಲಿಯಾದರೂ ಬಂಧಿತನಾದರೆ, ಮುಂದಿನ ಪುನರ್ವಿಚಾರಣೆಗಾಗಿ ಕಾಯದೆ ಸುದ್ದಿಯು ಸರಕಾರಕ್ಕೆ ಮುಟ್ಟುವ ಏರ್ಪಾಟಾಗಿದೆ. ಜೊತೆಗಾರನ ಮಿತಿಮೀರಿದ ಕುಡಿತವನ್ನು ವರದಿಮಾಡುವುದೂ ನೌಕರರ ಕರ್ತವ್ಯವೆಂದು ವಿಧಿಸಿದ್ದಾರೆ. ಕುಡಿಯುವವನು ಮೇಲಧಿಕಾರಿಯೇ ಆದಾಗ ಎಷ್ಟು ಜನ ಗುಮಾಸ್ತರು ಆ ವರದಿಗೆ ಸಹಿ ಹಾಕಿಯಾರು?