ಸ್ಟಿಯರಿಂಗ್ ಹೆಂಡತಿಗೆ, 15 ಲಕ್ಷ ಪಕ್ಕದ ಸೀಟಿಗೆ!

ದಾವಣಗೆರೆಯಿಂದ ಹರಿಹರ ಎಷ್ಟು ದೂರ? ಹದಿನಾಲ್ಕು ಕಿಲೋಮೀಟರ್ ಆಸುಪಾಸು. ತಿಂದ ಬೆಣ್ಣೆದೋಸೆ ಅರಗುವ ಮೊದಲೇ ತುಂಗಭದ್ರೆ ಎದುರಾಗುತ್ತಾಳೆ. ಇಷ್ಟೇ ಇಷ್ಟು ದಾರಿಯಲ್ಲಿ ನಾನು ಬೆರಗಾಗಿ ಕೂತುಬಿಟ್ಟೆ!

ಅವತ್ತು ಕಾರು ಓಡಿಸುತ್ತಿದ್ದವಳು ನನ್ನಾಕೆ. ಪಿ.ಬಿ. ರಸ್ತೆಗೆ ಬರುತ್ತಿದ್ದಂತೆ ಕೇಳಿದಳು: "ಇನ್ಶೂರೆನ್ಸ್ ಇರೋದು ನಿಮ್ ಹೆಸರಿಗೆ. ನಾನ್ ಎಲ್ಲಾದ್ರೂ ಗುದ್ದಿದ್ರೆ ದುಡ್ಡು ಕೊಡ್ತಾರೇನ್ರೀ?"

ಉತ್ತರ ಗೊತ್ತಿರಲಿಲ್ಲ. ಡ್ಯಾಶ್‌ಬೋರ್ಡಿನಿಂದ ಪಾಲಿಸಿ ತೆಗೆದೆ. ಮಡಿಕೆ ಬಿಚ್ಚಿದ್ದೇ ಅವತ್ತು ಮೊದಲು!

ಡ್ರೈವರ್ಸ್ ಕ್ಲಾಜ್ ಅನ್ನೋ ಒಂದು ಸಾಲು. ಪಾಲಿಸಿದಾರರೂ ಸೇರಿ ಯಾರು ಬೇಕಾದರೂ ಓಡಿಸಬಹುದು, ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಅಷ್ಟೇ! ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಹೆಂಡತಿಯ ಹೆಸರನ್ನೂ ಪಾಲಿಸಿಗೆ ಸೇರಿಸಬೇಕು. ನಮ್ಮಲ್ಲಿ ಒಂದೇ ಸಾಲು ಇಡೀ ಮನೆಗೆ ಬಾಗಿಲು ತೆರೆದಿದೆ. ಎಲ್ ಬೋರ್ಡ್ ಹಾಕಿ, ಲೈಸೆನ್ಸ್ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಯಮದಂತೆ ಕಲಿಯುತ್ತಿರುವವರಿಗೂ!

ಅಂದರೆ ಅವಳ ಕೈಯಲ್ಲಿ ಕಾರು ಯಾರಿಗಾದರೂ ತಾಗಿದರೆ, ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆ ಕೆಲಸ ಮಾಡುತ್ತದೆ. ಫುಲ್ ಇನ್ಶೂರೆನ್ಸ್ ಇದ್ದರೆ ಬಂಪರ್ ಖರ್ಚೂ ಸಿಗುತ್ತದೆ. ಆದರೆ ಅದನ್ನು ಕ್ಲೇಮ್ ಮಾಡಿದರೆ, ಶೇಕಡಾ 20ರಿಂದ 50ರವರೆಗೆ ವರ್ಷವರ್ಷ ಏರುವ ನೋ ಕ್ಲೇಮ್ ಬೋನಸ್ ಕೈಬಿಡುತ್ತದೆ. ಡೆಂಟ್ ಅವಳದ್ದು, ಬೋನಸ್ ನನ್ನದು!

ನಿಜವಾದ ಅಚ್ಚರಿ ಮುಂದಿನ ಪುಟದಲ್ಲಿತ್ತು. ಅಪಘಾತ ವಿಮೆ, 15 ಲಕ್ಷ! ಕಾರಿಗೆ ಮೊದಲು 2 ಲಕ್ಷವಿದ್ದದ್ದನ್ನು 2018ರಲ್ಲಿ ಏರಿಸಿದ್ದು. ಇದು ಯಾರಿಗೆ? 'ಓನರ್-ಡ್ರೈವರ್'ಗೆ. ಆರ್.ಸಿ.ಯಲ್ಲಿ ಹೆಸರಿರಬೇಕು, ಪಾಲಿಸಿಯಲ್ಲಿ ಹೆಸರಿರಬೇಕು, ಲೈಸೆನ್ಸ್ ಇರಬೇಕು. ಕಾರು ಹತ್ತುವಾಗ, ಇಳಿಯುವಾಗ, ಸಹಚಾಲಕನಾಗಿ ಕೂತಾಗಲೂ ಅನ್ವಯ! ನೋಡಿ ಸೋಜಿಗ: ಸ್ಟಿಯರಿಂಗ್ ಹಿಡಿದವಳಿಗಿಲ್ಲ, ಪಕ್ಕದಲ್ಲಿ ಕೂತು "ಬ್ರೇಕು, ಬ್ರೇಕು" ಅನ್ನುವವನಿಗಿದೆ!

ಮಾಲೀಕನಲ್ಲದವರು ಓಡಿಸಿದರೆ ಹೇಗೆ? ನ್ಯಾಯಾಲಯಕ್ಕೂ ಇದು ಸುಲಭದ ಗಂಟಲ್ಲ. ಇಳಕಲ್‌ನಿಂದ ಎರವಲು ಬೈಕಿನಲ್ಲಿ ಹೊರಟವರೊಬ್ಬರು ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಗಾಡಿ ಕೇಳಿ ಪಡೆದವನು ಮಾಲೀಕನ ಜಾಗದಲ್ಲೇ ನಿಂತಂತೆ, ಹಾಗಾಗಿ ಅದೇ ಕಾಯ್ದೆಯಲ್ಲಿ ಆಗ ಇದ್ದ 163ಎ ಕಲಮಿನಡಿ ಪರಿಹಾರವಿಲ್ಲ. 2020ರಲ್ಲಿ ರಾಜಸ್ಥಾನದ ಇಂಥದ್ದೇ ಪ್ರಕರಣ ಬಂದಾಗ ಅದೇ ತರ್ಕ ಮಗ್ಗುಲು ಬದಲಿಸಿತು: ಮಾಲೀಕನ ಜಾಗದಲ್ಲಿ ನಿಂತ ಮೇಲೆ, ಪಾಲಿಸಿಯಲ್ಲಿ ಮಾಲೀಕನಿಗಿದ್ದ 1 ಲಕ್ಷವೂ ಸಲ್ಲಬೇಕು! ಆದರೆ ಅದು ಕೋರ್ಟ್ ಮೆಟ್ಟಿಲು ಹತ್ತಿ ಪಡೆದದ್ದು. ಚೂರು ಹೆಚ್ಚಿನ ಪ್ರೀಮಿಯಂ ಕಟ್ಟಿ ಹೆಂಡತಿಯ ಹೆಸರಿಗೂ ಅಪಘಾತ ವಿಮೆ ಸೇರಿಸಿದರೆ ಆ ಅಲೆದಾಟವೇ ಬೇಡ.

ಹರಿಹರ ಬಂತು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಒಂದೇ ವಿಗ್ರಹ, ಅರ್ಧ ಹರಿ, ಅರ್ಧ ಹರ. ಎಂಟು ನೂರು ವರ್ಷದಿಂದ ಇಬ್ಬರಿಗೂ ಒಂದೇ ಮಂಗಳಾರತಿ!

ಕೈಮುಗಿದು ಹೊರಬಂದವಳು ಕಾರಿನ ಕೀ ಕುಣಿಸುತ್ತಾ ಕೇಳಿದ್ದು ಒಂದೇ ಮಾತು: "ರಿನ್ಯೂವಲ್ ಯಾವಾಗ್ರೀ?"