ಹಳೆಯ ಬುಲೆಟ್‌ಗೆ ಆಯಿಲ್ ಬದಲಿಸುತ್ತಿದ್ದೀರಾ? ಒಂದೇ ಬೋಲ್ಟ್ ಬಿಚ್ಚಿ ಸುಮ್ಮನಾಗಬೇಡಿ

ಊರಿನ ಮನೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಅಪ್ಪನ ಕಾಲದ ಬುಲೆಟ್ ಅನ್ನು ಪುಣೆಗೋ ಹೈದರಾಬಾದ್‌ಗೋ ತರಿಸಿಕೊಂಡವರು ಮೊದಲು ಮಾಡುವ ಕೆಲಸ ಆಯಿಲ್ ಬದಲಿಸುವುದು. ಹೊಸ ಬೈಕುಗಳಲ್ಲಿ ಇದು ಸುಲಭ. ಆದರೆ ಹಳೆಯ ಬುಲೆಟ್‌ನಲ್ಲಿ ಆಯಿಲ್ ಬಿಡುವ ಬೋಲ್ಟ್ ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ. ಅದನ್ನು ಕಂಡುಹಿಡಿದು ಬಿಚ್ಚಿದ ಮೇಲೂ ಹಳೆಯ ಆಯಿಲ್ ಪೂರ್ತಿ ಹೊರಬಂದಿದೆ ಎನ್ನಲಾಗದು. ಅದಕ್ಕೆ ಕಾರಣ ಈ ಇಂಜಿನ್ ಅನ್ನು ಕಟ್ಟಿರುವ ರೀತಿ.

ಯಾವ ಬುಲೆಟ್ ಇದು?

ಆಗಿನ ಮದ್ರಾಸ್‌ನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಆರಂಭವಾದದ್ದು 1955ರಲ್ಲಿ. ಅಲ್ಲಿಂದ ಸುಮಾರು ಐದು ದಶಕ ಬುಲೆಟ್‌ನ ಮೂಲ ಇಂಜಿನ್ ಹೆಚ್ಚು ಬದಲಾಗಲಿಲ್ಲ. ಸಿಲಿಂಡರ್ ಬ್ಯಾರೆಲ್ ಎರಕದ ಕಬ್ಬಿಣದ್ದಾದ್ದರಿಂದ ಇದನ್ನು 'ಕಾಸ್ಟ್ ಐರನ್ ಬುಲೆಟ್' ಎಂದು ಕರೆಯುವುದು ರೂಢಿ. ಇದರಲ್ಲಿ ಇಂಜಿನ್, ಗೇರ್‌ಬಾಕ್ಸ್, ಕ್ಲಚ್ ಕೇಸ್ ಮೂರಕ್ಕೂ ಆಯಿಲ್ ಬೇರೆ ಬೇರೆ. ಒಂದರ ಬೋಲ್ಟ್ ಬಿಚ್ಚಿದರೆ ಇನ್ನೊಂದರ ಆಯಿಲ್ ಬರುವುದಿಲ್ಲ. ಇಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಘಟಕವಾಗಿರುವ 'ಯುಸಿಇ' ಇಂಜಿನ್ ನಂತರದ್ದು. ಇಲ್ಲಿ ಹೇಳುತ್ತಿರುವುದು ಅದಕ್ಕಿಂತ ಹಿಂದಿನ ಗಾಡಿಗಳ ವಿಚಾರ.

ಎರಡು ಕೋಣೆಯ ಇಂಜಿನ್

ಈ ಇಂಜಿನ್‌ಗೆ ಪ್ರತ್ಯೇಕ ಆಯಿಲ್ ಟ್ಯಾಂಕ್ ಹೊರಗೆ ಕಾಣುವುದಿಲ್ಲ. ಕ್ರ್ಯಾಂಕ್‌ಕೇಸ್‌ನ ಹಿಂಭಾಗದಲ್ಲೇ ಒಂದು ಕೋಣೆ ಇದ್ದು, ಅದೇ ಟ್ಯಾಂಕ್. ಒಂದು ಪಂಪ್ ಅಲ್ಲಿಂದ ಆಯಿಲ್ ಎಳೆದು ಇಂಜಿನ್‌ಗೆ ಕೊಡುತ್ತದೆ. ಕೆಲಸ ಮುಗಿಸಿ ಕೆಳಗಿಳಿದ ಆಯಿಲ್ ಅನ್ನು ಇನ್ನೊಂದು ಪಂಪ್ ಮತ್ತೆ ಟ್ಯಾಂಕ್‌ಗೆ ತಳ್ಳುತ್ತದೆ. ಹಾಗಾಗಿ ಕೆಳಗೆ ಡ್ರೈನ್ ಬೋಲ್ಟ್ ಒಂದಲ್ಲ, ಒಂದಕ್ಕಿಂತ ಹೆಚ್ಚು. ಟ್ಯಾಂಕ್‌ನ ಬೋಲ್ಟ್ ಮಾತ್ರ ಬಿಚ್ಚಿದರೆ ಕ್ರ್ಯಾಂಕ್‌ಕೇಸ್‌ನ ತಳದಲ್ಲಿರುವ ಕೊಳೆ ಆಯಿಲ್ ಅಲ್ಲೇ ಉಳಿಯುತ್ತದೆ.

ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇನ್ನೊಂದು ತೊಂದರೆ ಇದೆ. ಟ್ಯಾಂಕ್‌ನ ಆಯಿಲ್ ಪಂಪ್ ಮೂಲಕ ನಿಧಾನವಾಗಿ ಸೋರಿ ಕ್ರ್ಯಾಂಕ್‌ಕೇಸ್ ಸೇರುತ್ತದೆ. ಆಗ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಇಲ್ಲವೇ ಇಲ್ಲ ಎನಿಸುತ್ತದೆ. ಗಾಬರಿಯಾಗಿ ಮೇಲಿಂದ ಒಂದು ಲೀಟರ್ ಸುರಿದರೆ ಇಂಜಿನ್‌ನಲ್ಲಿ ಅಗತ್ಯಕ್ಕಿಂತ ಹೆಚ್ಚು ಆಯಿಲ್ ತುಂಬಿದಂತೆ. ಸ್ಟಾರ್ಟ್ ಮಾಡಿದಾಗ ಬ್ರೀದರ್ ಪೈಪ್‌ನಿಂದ ಆಯಿಲ್ ಉಗುಳುವುದು, ಸೈಲೆನ್ಸರ್‌ನಲ್ಲಿ ಹೊಗೆ ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ. 'ಇಂಜಿನ್ ಹೋಯಿತು' ಎಂದುಕೊಂಡು ಬಿಚ್ಚಿಸಲು ಹೊರಡುವ ಮುನ್ನ ಇದನ್ನು ನೆನಪಿಡಬೇಕು.

ಬೋಲ್ಟ್ ಬಿಚ್ಚುವ ಮುನ್ನ

ಡ್ರೈನ್ ಬೋಲ್ಟ್‌ಗಳು ಇಂಜಿನ್‌ನ ಹೊಟ್ಟೆಯಡಿ, ನೆಲಕ್ಕೆ ಹತ್ತಿರದಲ್ಲಿವೆ. ಹಳೆಯ ಗಾಡಿಯಲ್ಲಿ ಅವು ಮಣ್ಣು, ಜಿಡ್ಡಿನಲ್ಲಿ ಹೂತುಹೋಗಿರುತ್ತವೆ. ಕೆಳಗೆ ರಕ್ಷಣೆಯ ತಟ್ಟೆ ಹಾಕಿಸಿದ್ದರೆ ಕಾಣುವುದೂ ಇಲ್ಲ. ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಬ್ರಷ್‌ನಿಂದ ಉಜ್ಜಿ ಒರೆಸಿ. ಮೊಬೈಲ್ ಅನ್ನು ಕೆಳಗೆ ಹಿಡಿದು ಒಂದು ಫೋಟೊ ತೆಗೆದರೆ ಬೋಲ್ಟ್‌ಗಳ ಜಾಗ ಸ್ಪಷ್ಟವಾಗುತ್ತದೆ. ನಿಮ್ಮ ಮಾಡೆಲ್‌ನ ಕೈಪಿಡಿಯ ಚಿತ್ರದೊಂದಿಗೆ ಹೋಲಿಸಿ ನೋಡಿ. ಕೆಳಗೆ ಕಾಣುವ ಎಲ್ಲವೂ ಡ್ರೈನ್ ಬೋಲ್ಟ್ ಅಲ್ಲ.

ನಂತರ ಹತ್ತು ನಿಮಿಷ ಗಾಡಿ ಓಡಿಸಿ. ಬಿಸಿಯಾದ ಆಯಿಲ್ ತೆಳುವಾಗಿ ಸಲೀಸಾಗಿ ಇಳಿಯುತ್ತದೆ, ತಳದ ಕೊಳೆಯನ್ನೂ ಜೊತೆಗೆ ತರುತ್ತದೆ. ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಬಲಬದಿಯಲ್ಲಿ ಸೈಲೆನ್ಸರ್ ಪೈಪ್ ಹಾದುಹೋಗುತ್ತದೆ, ಕೈ ಸುಟ್ಟುಕೊಳ್ಳದಂತೆ ಸ್ವಲ್ಪ ಆರಲು ಬಿಡಿ. ಅಗಲವಾದ, ತಗ್ಗಿನ ಟ್ರೇ ಇಡಿ. ಆಯಿಲ್ ನೇರವಾಗಿ ಬೀಳದೆ ಸ್ಟ್ಯಾಂಡ್ ಮೇಲೆ ಹರಿಯುವ ಸಾಧ್ಯತೆ ಇರುವುದರಿಂದ ಕೆಳಗೆ ಹಳೆಯ ಪೇಪರ್ ಹಾಸಿಕೊಳ್ಳುವುದು ಒಳ್ಳೆಯದು.

ಥ್ರೆಡ್ ಹೋದರೆ ಖರ್ಚು ದೊಡ್ಡದು

ಹೆಸರು ಕಾಸ್ಟ್ ಐರನ್ ಆದರೂ ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂನದ್ದು. ಅದಕ್ಕೆ ಬಿಗಿಯುವ ಬೋಲ್ಟ್ ಉಕ್ಕಿನದ್ದು. ಜಾಗ ಇಕ್ಕಟ್ಟಾದ್ದರಿಂದ ಸ್ಪ್ಯಾನರ್ ಓರೆಯಾಗಿ ಕೂರುತ್ತದೆ, ಜೋರು ಹಾಕಿದರೆ ಬೋಲ್ಟ್‌ನ ತಲೆ ಸವೆಯುತ್ತದೆ ಇಲ್ಲವೇ ಕೇಸ್‌ನ ಥ್ರೆಡ್ ಕಿತ್ತು ಬರುತ್ತದೆ. ಹಾಗಾಗಿ ಅಳತೆಗೆ ಸರಿಯಾದ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಅನ್ನೇ ಬಳಸಿ. ಮತ್ತೆ ಹಾಕುವಾಗ ಹೊಸ ವಾಷರ್ ಹಾಕಿ, ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಿಸಿ. ಕೈಯಲ್ಲಿ ತಿರುಗದಿದ್ದರೆ ಬೋಲ್ಟ್ ಓರೆಯಾಗಿ ಕೂತಿದೆ ಎಂದರ್ಥ. ವಾಷರ್ ಅದುಮುವಷ್ಟು ಬಿಗಿದರೆ ಸಾಕು. ಒಮ್ಮೆ ಥ್ರೆಡ್ ಹೋದರೆ ಲೇತ್ ಅಂಗಡಿಯಲ್ಲಿ ಹೊಸ ಥ್ರೆಡ್ ಕೂರಿಸಬೇಕಾಗುತ್ತದೆ. ಅದನ್ನು ಹಾಗೇ ಬಿಟ್ಟು ಓಡಿಸಿದರೆ, ಹೆದ್ದಾರಿಯಲ್ಲಿ ಬೋಲ್ಟ್ ಕಳಚಿ ಆಯಿಲ್ ಹಿಂದಿನ ಚಕ್ರದ ಮೇಲೆ ಬಿದ್ದರೆ ಸವಾರನ ಜೀವಕ್ಕೇ ಅಪಾಯ.

ಫಿಲ್ಟರ್ ಮತ್ತು ಹೊಸ ಆಯಿಲ್

ಫಿಲ್ಟರ್ ಬಲಬದಿಯ ಟೈಮಿಂಗ್ ಕವರ್‌ನಲ್ಲಿದೆ. ಮುಚ್ಚಳ ತೆಗೆದಾಗ ಸ್ಪ್ರಿಂಗ್, ವಾಷರ್ ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಪೇಪರ್ ಮೇಲೆ ಜೋಡಿಸಿಡಿ. ಆಯಿಲ್‌ನಲ್ಲಿ ಮಿನುಗುವ ಸಣ್ಣ ಪುಡಿ ಹಳೆಯ ಇಂಜಿನ್‌ನಲ್ಲಿ ಸಾಮಾನ್ಯ. ಕೈಗೆ ಸಿಗುವಂಥ ಲೋಹದ ಚೂರು ಕಂಡರೆ ಮೆಕ್ಯಾನಿಕ್‌ಗೆ ತೋರಿಸಿ.

ಈ ಇಂಜಿನ್‌ಗೆ 20ಡಬ್ಲ್ಯೂ-50 ದರ್ಜೆಯ ಆಯಿಲ್ ಬಳಕೆಯಲ್ಲಿದೆ. ಪೂರ್ತಿ ಖಾಲಿಯಾದ ಇಂಜಿನ್ 2 ಲೀಟರ್‌ಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಆದರೆ ಅಷ್ಟನ್ನೂ ಒಮ್ಮೆಲೇ ಸುರಿಯಬೇಡಿ. ಮೊದಲು ಹೊರಬಂದ ಹಳೆಯ ಆಯಿಲ್ ಅನ್ನು ಅಳೆಯಿರಿ. ಒಂದು ಲೀಟರ್ ಮಾತ್ರ ಬಂದಿದ್ದರೆ ಉಳಿದದ್ದು ಒಳಗೇ ಇರಬಹುದು. ಎಲ್ಲ ಡ್ರೈನ್ ಬೋಲ್ಟ್ ಬಿಚ್ಚಿದ್ದೀರಾ ಎಂದು ಮತ್ತೆ ನೋಡಿ.

ಹೊಸ ಆಯಿಲ್ ಹಾಕಿದ ಮೇಲೆ ಇಗ್ನಿಷನ್ ಆಫ್ ಇಟ್ಟು ಕೆಲವು ಬಾರಿ ಕಿಕ್ ಹೊಡೆಯಿರಿ. ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲೇ ಬಿಡಿ. ಹೆಡ್‌ಗೆ ಹೋಗುವ ಸಣ್ಣ ಆಯಿಲ್ ಪೈಪ್‌ನ ಬೋಲ್ಟ್ ಅನ್ನು ತುಸು ಸಡಿಲಿಸಿದಾಗ ಆಯಿಲ್ ಜಿನುಗಿದರೆ ಪಂಪ್ ಕೆಲಸ ಮಾಡುತ್ತಿದೆ. ಜಿನುಗದಿದ್ದರೆ ಕೂಡಲೇ ಆಫ್ ಮಾಡಿ. ಕೆಲವು ನಿಮಿಷ ಓಡಿಸಿ ನಿಲ್ಲಿಸಿದ ಬಳಿಕವೇ ಡಿಪ್‌ಸ್ಟಿಕ್ ನೋಡಿ, ಬೇಕಿದ್ದಷ್ಟು ಮಾತ್ರ ಸೇರಿಸಿ.

ಹಳೆಯ ಆಯಿಲ್ ಮೋರಿಗೆ ಬೇಡ

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಅಪಾರ್ಟ್‌ಮೆಂಟ್‌ನ ಚರಂಡಿಗೋ ಗಿಡದ ಬುಡಕ್ಕೋ ಸುರಿಯಬಾರದು. ಮುಚ್ಚಳವಿರುವ ಹಳೆಯ ಡಬ್ಬಿಗೆ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜ್‌ಗೆ ಕೊಡಿ. ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದುಕೊಳ್ಳಿ.

ಗ್ಯಾರೇಜ್‌ನಲ್ಲೇ ಮಾಡಿಸುವವರೂ ಎರಡು ಪ್ರಶ್ನೆ ಕೇಳಬಹುದು: ಎಷ್ಟು ಬೋಲ್ಟ್ ಬಿಚ್ಚಿದಿರಿ? ಎಷ್ಟು ಆಯಿಲ್ ಹೊರಬಂತು? ಆ ಎರಡಕ್ಕೂ ಸರಿಯಾದ ಉತ್ತರ ಸಿಕ್ಕ ಮೇಲೆ ಹೊಸ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರಾಯಿತು.