ಅಂಕಪಟ್ಟಿಯಿಂದ ಲೆಕ್ಕಪುಸ್ತಕದವರೆಗೆ: ಶಾಲೆ-ಕಾಲೇಜು ನಮ್ಮ ಮಕ್ಕಳನ್ನು ಕೆಲಸಕ್ಕೆ ಸಿದ್ಧಗೊಳಿಸುತ್ತಿವೆಯೇ?



ಪ್ರೌಢಶಾಲೆ ಮತ್ತು ಕಾಲೇಜು ಯುವಜನರನ್ನು ನಿಜಕ್ಕೂ ಕೆಲಸಕ್ಕೆ ಸಿದ್ಧಗೊಳಿಸುತ್ತವೆಯೇ ಎಂಬುದು ಈ ಗೋಷ್ಠಿಯ ಪ್ರಶ್ನೆ. ನಾನು ಶಿಕ್ಷಣತಜ್ಞನಲ್ಲ. ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ಕಾಲೇಜು ಮುಗಿಸಿ ಬಂದವರನ್ನು ಸಂದರ್ಶಿಸುವುದು, ಸೇರಿದ ಮೇಲೆ ಮೊದಲ ಕೆಲವು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವುದು ನನ್ನ ಕೆಲಸದ ಭಾಗ. ಹಾಗಾಗಿ ಈ ಪ್ರಶ್ನೆಯನ್ನು ನಮ್ಮ ಕಸುಬಿನ ರೀತಿಯಲ್ಲೇ ನೋಡುತ್ತೇನೆ. ಒಂದು ಬದಿಗೆ ಜಮಾ, ಇನ್ನೊಂದು ಬದಿಗೆ ಖರ್ಚು. ಕೊನೆಗೆ ಉಳಿಕೆ ಎಷ್ಟು ಎಂದು ನೋಡೋಣ.

ಜಮಾ ಬದಿ

ಶಾಲೆಯನ್ನು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು ಲೂಕಾ ಪಚೋಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ್ದು 1494ರಲ್ಲಿ. ಅಂದಿನಿಂದ ಇಂದಿನವರೆಗೆ ಡೆಬಿಟ್-ಕ್ರೆಡಿಟ್‌ನ ಮೂಲ ನಿಯಮ ಬದಲಾಗಿಲ್ಲ. ಕುವೈತ್‌ನ ಭಾರತೀಯ ಶಾಲೆಗಳಲ್ಲಿ ಸಿಬಿಎಸ್‌ಇ ಪಠ್ಯದಂತೆ ಕಾಮರ್ಸ್ ಓದುವ ಹುಡುಗಿ ಹನ್ನೊಂದನೇ ತರಗತಿಯಲ್ಲೇ ಇದನ್ನು ಕಲಿಯುತ್ತಾಳೆ. ಕಂಪನಿ ಯಾವ ಸಾಫ್ಟ್‌ವೇರ್ ಬಳಸಿದರೂ ಒಳಗೆ ಓಡುವುದು ಅದೇ ನಿಯಮ. ಸಾಫ್ಟ್‌ವೇರ್ ಐದು ವರ್ಷಕ್ಕೊಮ್ಮೆ ಬದಲಾದೀತು, ನಿಯಮ ಬದಲಾಗದು. ಬೇಗ ಹಳತಾಗದ ವಿಷಯವನ್ನು ಶಾಲೆ ಕಲಿಸುತ್ತದೆ. ಅದನ್ನು ಜಮಾ ಬದಿಗೆ ಬರೆದುಕೊಳ್ಳಲೇಬೇಕು.

ಖರ್ಚು ಬದಿ

ಹನ್ನೆರಡನೇ ತರಗತಿಯ ಅಕೌಂಟೆನ್ಸಿಯ 100 ಅಂಕಗಳಲ್ಲಿ ಪಾಲುದಾರಿಕೆ ಸಂಸ್ಥೆಗಳಿಗೆ 36, ಕಂಪನಿ ಲೆಕ್ಕಕ್ಕೆ 24, ಹಣಕಾಸು ಪಟ್ಟಿಗಳ ವಿಶ್ಲೇಷಣೆ ಮತ್ತು ನಗದು ಹರಿವಿಗೆ 20, ಪ್ರಾಜೆಕ್ಟ್‌ಗೆ 20. ಪಾಲುದಾರನೊಬ್ಬ ನಿವೃತ್ತನಾದಾಗ ಗುಡ್‌ವಿಲ್ ಹೇಗೆ ಹಂಚಬೇಕೆಂದು ಮಕ್ಕಳು ಪಟಪಟನೆ ಹೇಳುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಬೇಕಾದ ಅಂಕಿಗಳೆಲ್ಲ ಇರುತ್ತವೆ, ಬೇಡದ ಅಂಕಿ ಒಂದೂ ಇರುವುದಿಲ್ಲ, ಉತ್ತರ ಸರಿಯಾಗಿ ತಾಳೆಯಾಗುತ್ತದೆ. ಕಚೇರಿಯಲ್ಲಿ ಈ ಮೂರೂ ಇರುವುದಿಲ್ಲ.

ಕುವೈತ್‌ನ ಪ್ರತಿ ಕಚೇರಿಯಲ್ಲೂ ಬರುವ ಒಂದು ಲೆಕ್ಕವನ್ನು ತೆಗೆದುಕೊಳ್ಳಿ: ನೌಕರ ಕೆಲಸ ಬಿಟ್ಟಾಗ ಕೊಡಬೇಕಾದ ಇಂಡೆಮ್ನಿಟಿ. 2010ರ 6ನೇ ಸಂಖ್ಯೆಯ ಕಾರ್ಮಿಕ ಕಾನೂನಿನ ಪ್ರಕಾರ ತಿಂಗಳ ಸಂಬಳದ ನೌಕರನಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 15 ದಿನದ ಸಂಬಳ, ನಂತರದ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. ಒಟ್ಟು ಒಂದೂವರೆ ವರ್ಷದ ಸಂಬಳವನ್ನು ಮೀರುವಂತಿಲ್ಲ. ದಿನದ ಸಂಬಳ ಪಡೆಯಲು ತಿಂಗಳ ಸಂಬಳವನ್ನು 26ರಿಂದ ಭಾಗಿಸಬೇಕು. 520 ದಿನಾರ್ ಸಂಬಳದವನು 8 ವರ್ಷ ದುಡಿದಿದ್ದಾನೆ ಎನ್ನಿ. ದಿನಕ್ಕೆ 20 ದಿನಾರ್. ಮೊದಲ ಐದು ವರ್ಷಕ್ಕೆ 75 ದಿನ, ಅಂದರೆ 1,500 ದಿನಾರ್. ಉಳಿದ ಮೂರು ವರ್ಷಕ್ಕೆ 1,560. ಒಟ್ಟು 3,060 ದಿನಾರ್. ಆದರೆ ಆತ ತಾನಾಗಿಯೇ ರಾಜೀನಾಮೆ ಕೊಟ್ಟಿದ್ದರೆ, ಸೇವೆ ಐದರಿಂದ ಹತ್ತು ವರ್ಷದೊಳಗೆ ಇರುವುದರಿಂದ, ಸಿಗುವುದು ಮೂರರಲ್ಲಿ ಎರಡು ಭಾಗ, 2,040 ದಿನಾರ್.

ಇದರಲ್ಲಿರುವ ಗಣಿತ ಆರನೇ ತರಗತಿಯದು. ಕಷ್ಟ ಇರುವುದು ಬೇರೆ ಕಡೆ. ಸಂಬಳ ಎಂದರೆ ಮೂಲ ವೇತನವೇ, ಪ್ರತಿ ತಿಂಗಳೂ ಕೊಡುವ ಭತ್ಯೆಯೂ ಸೇರಬೇಕೇ? ಕೆಲಸಕ್ಕೆ ಸೇರಿದ ದಿನಾಂಕ ಯಾವುದು, ಒಪ್ಪಂದದಲ್ಲಿರುವುದೋ ವರ್ಕ್ ಪರ್ಮಿಟ್‌ನಲ್ಲಿರುವುದೋ? ಊರಿಗೆ ಹೋದಾಗ ತೆಗೆದುಕೊಂಡ ಸಂಬಳರಹಿತ ರಜೆಯ ದಾಖಲೆ ಎಲ್ಲಿದೆ? ಆತ ಬಿಟ್ಟದ್ದೋ, ಬಿಡಿಸಿದ್ದೋ? ಈ ಪ್ರಶ್ನೆಗಳನ್ನು ಕೇಳಬೇಕು ಎಂದು ಹೊಸಬನಿಗೆ ತೋಚುವುದಿಲ್ಲ. ಕೊಟ್ಟ ಅಂಕಿಗಳನ್ನು ಹಾಕಿ ಎರಡು ನಿಮಿಷದಲ್ಲಿ ಉತ್ತರ ತರುತ್ತಾನೆ. ಕಾಗದದ ಮೇಲೆ ಅದು ಸರಿ. ಆದರೆ ಆ ಉತ್ತರದ ಇನ್ನೊಂದು ತುದಿಯಲ್ಲಿ ಎಂಟು ವರ್ಷದ ದುಡಿಮೆಯನ್ನು ಹೊತ್ತು ಊರಿಗೆ ಹೊರಟ ಒಬ್ಬ ಮನುಷ್ಯ ಇದ್ದಾನೆ. 1,020 ದಿನಾರ್ ವ್ಯತ್ಯಾಸ ಅವನಿಗೆ ಮಗಳ ಒಂದು ವರ್ಷದ ಫೀಸು.

ಸಣ್ಣ ಸಂಗತಿಯೊಂದನ್ನೂ ಹೇಳಿಬಿಡುತ್ತೇನೆ. ನಮ್ಮ ರೂಪಾಯಿಗೆ ನೂರು ಪೈಸೆ, ಇಲ್ಲಿನ ದಿನಾರ್‌ಗೆ ಸಾವಿರ ಫಿಲ್ಸ್. ಎರಡು ದಶಾಂಶಕ್ಕೆ ಒಗ್ಗಿದ ಕೈ ಮೂರನೆಯದನ್ನು ಬಿಟ್ಟುಬಿಡುತ್ತದೆ, ತಿಂಗಳ ಕೊನೆಗೆ ಬ್ಯಾಂಕ್ ಲೆಕ್ಕ ತಾಳೆಯಾಗುವುದಿಲ್ಲ. ಇದನ್ನು ಯಾವ ಪಠ್ಯಪುಸ್ತಕವೂ ಹೇಳಬೇಕಾಗಿಲ್ಲ. ತಾಳೆಯಾಗದಿದ್ದಾಗ ಸಿಟ್ಟಾಗದೆ ಮೊದಲ ಸಾಲಿನಿಂದ ಮತ್ತೆ ಹುಡುಕುವ ತಾಳ್ಮೆಯನ್ನು ಮಾತ್ರ ಯಾರಾದರೂ ಕಲಿಸಬೇಕು.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು

ಈ ಗಾದೆಯನ್ನು ಕಾನೂನಾಗಿಯೇ ಇಟ್ಟುಕೊಂಡ ವೃತ್ತಿ ನಮ್ಮದು. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ 1949ರ ಜುಲೈ 1ರಂದು, ಸಂಸತ್ತಿನ ಕಾಯ್ದೆಯ ಮೂಲಕ ಆರಂಭವಾಯಿತು. ಎಷ್ಟೇ ಅಂಕ ಬಂದರೂ ಆರ್ಟಿಕಲ್‌ಶಿಪ್ ಮುಗಿಸದೆ ಯಾರೂ ಸಿಎ ಆಗುವಂತಿಲ್ಲ. ನಮ್ಮ ಕಾಲದಲ್ಲಿ ಅದು ಮೂರು ವರ್ಷ. 2023ರ ಜುಲೈನಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಎರಡು ವರ್ಷ.

ಆರ್ಟಿಕಲ್ ಕ್ಲರ್ಕ್ ಮಾಡುವುದೇನು? ಗೋದಾಮಿಗೆ ಹೋಗಿ ಮೂಟೆ ಎಣಿಸುತ್ತಾನೆ. ವೋಚರ್‌ಗಳ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕುತ್ತಾನೆ. ಬಿಲ್ ಯಾಕಿಲ್ಲ ಎಂದು ತನಗಿಂತ ಮೂವತ್ತು ವರ್ಷ ಹಿರಿಯರಾದ ಗುಮಾಸ್ತರನ್ನು ಅವರಿಗೆ ನೋವಾಗದಂತೆ ಕೇಳಲು ಕಲಿಯುತ್ತಾನೆ. ಕೈಗೆ ಬರುವ ಸ್ಟೈಪೆಂಡ್ ಸಣ್ಣದು. ಆದರೆ ಆತ ಬರೆದದ್ದನ್ನು ಓದಿ, ಕೆಂಪು ಮಸಿಯಲ್ಲಿ ತಿದ್ದಿ, ಕೆಳಗೆ ತನ್ನ ಹೆಸರು ಹಾಕುವ ಒಬ್ಬ ಪ್ರಿನ್ಸಿಪಾಲ್ ಇರುತ್ತಾರೆ. ಹುಡುಗನ ಕಲಿಕೆಗೆ ಹೆಸರಿಟ್ಟು ಒಬ್ಬರು ಹೊಣೆಯಾಗುವುದೇ ಆರ್ಟಿಕಲ್‌ಶಿಪ್‌ನ ತಿರುಳು. ಬಿಕಾಂ ಪದವಿಯಲ್ಲಾಗಲಿ, ಇಂಜಿನಿಯರಿಂಗ್‌ನಲ್ಲಾಗಲಿ ಸಾಮಾನ್ಯವಾಗಿ ಇಲ್ಲದಿರುವುದು ಅದೇ.

ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಕರಾವಳಿಯಿಂದ ಮುಂಬಯಿಗೆ ಹೋದ ಹುಡುಗರು ಹಗಲಲ್ಲಿ ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದರು. ಅದು ಬಡತನ ಹೇರಿದ ದಾರಿ, ಅದನ್ನು ವೈಭವೀಕರಿಸಬೇಕಿಲ್ಲ. ಆದರೂ ಅವರಿಗೆ ಓದು ಮತ್ತು ದುಡಿಮೆ ಒಂದೇ ದಿನದ ಎರಡು ಹೊತ್ತುಗಳಾಗಿದ್ದವು. ಇಂದು ನಾವು ಮೊದಲು ಹದಿನಾರು ವರ್ಷ ಓದು, ಆಮೇಲೆ ದುಡಿಮೆ ಎಂದು ನಡುವೆ ಗೋಡೆ ಕಟ್ಟಿದ್ದೇವೆ.

ಕಾಗದದ ಬೆಲೆ

ಹಾಗಾದರೆ ಪ್ರಮಾಣಪತ್ರ ಮುಖ್ಯವಲ್ಲವೇ ಎಂದು ಕೇಳಬಹುದು. ಕುವೈತ್‌ನಲ್ಲಿ ಕುಳಿತು ಹಾಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. 2018ರಲ್ಲಿ ಏನಾಯಿತೆಂದು ಈ ಸಭೆಯಲ್ಲಿರುವ ಇಂಜಿನಿಯರ್‌ಗಳಿಗೆ ನೆನಪಿದೆ. ಇಂಜಿನಿಯರ್ ಹುದ್ದೆಯ ರೆಸಿಡೆನ್ಸಿ ನವೀಕರಣಕ್ಕೆ ಕುವೈತ್ ಇಂಜಿನಿಯರ್‌ಗಳ ಸೊಸೈಟಿಯ ಒಪ್ಪಿಗೆ ಬೇಕೆಂದು ಮಾನವಶಕ್ತಿ ಪ್ರಾಧಿಕಾರ ನಿಯಮ ಮಾಡಿತು. ಭಾರತದ ಪದವಿಗಳ ವಿಷಯದಲ್ಲಿ ಸೊಸೈಟಿ ನೋಡಿದ್ದು ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎಯ ಮಾನ್ಯತೆಯನ್ನು. ಇಪ್ಪತ್ತು ವರ್ಷ ಇಲ್ಲೇ ಸೇತುವೆ, ಸ್ಥಾವರ ಕಟ್ಟಿದವರೂ, ದೇಶದ ಹೆಸರಾಂತ ಸಂಸ್ಥೆಗಳಲ್ಲಿ ಓದಿದವರೂ ತೊಂದರೆಗೆ ಸಿಲುಕಿದರು. ಹಲವರು ಹುದ್ದೆಯ ಹೆಸರನ್ನೇ ಬದಲಿಸಿಕೊಂಡು ಅದೇ ಕೆಲಸ ಮುಂದುವರಿಸಿದರು.

ಇದರಲ್ಲಿ ಪೋಷಕರು ತಿಳಿಯಬೇಕಾದ ವಿಷಯವೊಂದಿದೆ. ಬೆಂಗಳೂರಿನಲ್ಲಿ ಕಚೇರಿ ಇರುವ ನ್ಯಾಕ್ ಇಡೀ ಕಾಲೇಜಿಗೆ ಮಾನ್ಯತೆ ಕೊಡುತ್ತದೆ. ಎನ್‌ಬಿಎ ಮಾನ್ಯತೆ ಕೊಡುವುದು ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ, ಅದೂ ನಿಗದಿತ ಅವಧಿಗೆ. ಒಂದೇ ಕಾಲೇಜಿನಲ್ಲಿ ಸಿವಿಲ್‌ಗೆ ಮಾನ್ಯತೆ ಇದ್ದು ಮೆಕ್ಯಾನಿಕಲ್‌ಗೆ ಇಲ್ಲದಿರಬಹುದು. ಪ್ರವೇಶಕ್ಕೆ ಮೊದಲು ಕಟ್ಟಡ, ಹಾಸ್ಟೆಲ್ ನೋಡುವ ನಾವು ಈ ಎರಡು ಸಾಲುಗಳನ್ನೂ ನೋಡಬೇಕು.

ಇದರ ಇನ್ನೊಂದು ಮುಖವೂ ಇದೆ. 60 ದಾಟಿದ, ಪದವಿಯಿಲ್ಲದ ವಿದೇಶಿಯರ ವರ್ಕ್ ಪರ್ಮಿಟ್ ನವೀಕರಿಸುವುದಿಲ್ಲ ಎಂಬ ನಿರ್ಧಾರ 2021ರ ಜನವರಿಯಿಂದ ಜಾರಿಗೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಫತ್ವಾ ಮತ್ತು ಶಾಸನ ಇಲಾಖೆ ಅದಕ್ಕೆ ಕಾನೂನಿನ ಆಧಾರವಿಲ್ಲ ಎಂದಿತು. 2022ರಲ್ಲಿ 250 ದಿನಾರ್ ಶುಲ್ಕ ಮತ್ತು ಸುಮಾರು 500 ದಿನಾರ್‌ಗಳ ಆರೋಗ್ಯ ವಿಮೆಯೊಂದಿಗೆ ನವೀಕರಣಕ್ಕೆ ಅವಕಾಶ ಸಿಕ್ಕಿತು. ಆ ಒಂದು ವರ್ಷ ಆತಂಕದಲ್ಲಿ ಕಳೆದವರು ಯಾರು? ಗ್ಯಾರೇಜಿನ ಮೇಸ್ತ್ರಿ, ಎಸಿ ರಿಪೇರಿಯವರು, ಅಂಗಡಿಯ ಹಳೆಯ ಲೆಕ್ಕಿಗರು. ಹೊಸದಾಗಿ ಬಂದ ಡಿಪ್ಲೊಮಾ ಹುಡುಗರಿಗೆ ಕೆಲಸ ಕಲಿಸಿದವರೇ. ಕೆಲಸಕ್ಕೆ ಕೈ ಬೇಕು, ಆ ಕೈಯನ್ನು ಒಳಗೆ ಬಿಡಲು ಕಾಗದ ಬೇಕು. ಎರಡರಲ್ಲಿ ಒಂದನ್ನಷ್ಟೇ ಮಕ್ಕಳಿಗೆ ಕೊಟ್ಟರೆ ಸಾಲದು.

ನಮ್ಮ ಮಕ್ಕಳ ವಿಶೇಷ ಕೊರತೆ

ಊರಿನಲ್ಲಿ ಅಂಗಡಿಕಾರನ ಮಗ ರಜೆಯಲ್ಲಿ ಗಲ್ಲಾ ಮೇಲೆ ಕೂರುತ್ತಾನೆ. ರೈತನ ಮಗಳು ಎಪಿಎಂಸಿಯಲ್ಲಿ ತೂಕ, ದರ, ಕಮಿಷನ್ ನೋಡಿರುತ್ತಾಳೆ. ನಮ್ಮ ಮಕ್ಕಳು ಇಲ್ಲಿರುವುದು 22ನೇ ವಿಧಿಯ ಕುಟುಂಬ ವೀಸಾದಲ್ಲಿ. ಅದರಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ, ಮಾಡಿಸುವಂತೆಯೂ ಇಲ್ಲ. ಶಾಲೆಯ ಬಸ್ಸು, ಟ್ಯೂಷನ್, ಫ್ಲ್ಯಾಟ್, ಮಾಲ್. ಹನ್ನೆರಡು ವರ್ಷ ಹೀಗೆ ಕಳೆದು, ಹದಿನೆಂಟಕ್ಕೆ ಒಬ್ಬರೇ ಬೆಂಗಳೂರಿಗೋ ಮಂಗಳೂರಿಗೋ ಹೋಗುತ್ತಾರೆ. 95 ಪ್ರತಿಶತ ಅಂಕ ಇರುತ್ತದೆ, ಬ್ಯಾಂಕಿನಲ್ಲಿ ಚಲನ್ ತುಂಬಿದ ಅನುಭವ ಇರುವುದಿಲ್ಲ. ಇದು ಮಕ್ಕಳ ದೋಷವಲ್ಲ, ನಾವು ಬದುಕುತ್ತಿರುವ ಪರಿಸ್ಥಿತಿ. ಅದನ್ನು ತುಂಬಿಕೊಡುವ ಹೊಣೆಯೂ ನಮ್ಮದೇ.

ಕಾನೂನಿನೊಳಗೇ ಮಾಡಬಹುದಾದ ಕೆಲಸಗಳಿವೆ. ಒಂದು, ಮನೆಯ ಒಂದು ತಿಂಗಳ ಖರ್ಚಿನ ಲೆಕ್ಕವನ್ನು ಒಂಬತ್ತನೇ ತರಗತಿಯ ಮಗುವಿಗೆ ಒಪ್ಪಿಸಿ. ಬಾಡಿಗೆ, ಫೀಸು, ಊರಿಗೆ ಕಳಿಸಿದ ಹಣ, ಅಂದಿನ ವಿನಿಮಯ ದರ, ಎಲ್ಲವೂ ಇರಲಿ. ಸಂಬಳ ಎಷ್ಟೆಂದು ಮಕ್ಕಳಿಗೆ ತಿಳಿದರೆ ನಷ್ಟವಿಲ್ಲ. ಎರಡು, ನಮ್ಮ ಸಂಘದ ರಾಜ್ಯೋತ್ಸವದಂಥ ಕಾರ್ಯಕ್ರಮಗಳ ಖರ್ಚಿನ ಲೆಕ್ಕ, ಊಟದ ಅಂದಾಜು, ವೇದಿಕೆಯ ವೇಳಾಪಟ್ಟಿಯನ್ನು ಒಬ್ಬ ಹಿರಿಯರ ಹೊಣೆಯಲ್ಲಿ ಮಕ್ಕಳ ಕೈಗೆ ಕೊಡಿ. ಬಿಲ್ ಇಲ್ಲದ ಖರ್ಚನ್ನು ಕಾರ್ಯದರ್ಶಿಯವರಿಗೇ ಪ್ರಶ್ನಿಸುವ ಅಧಿಕಾರವೂ ಇರಲಿ! ಮೂರು, ಸಿಎ ಬೇಡವೆಂದರೂ ಸರಿ, ಕಾಲೇಜು ಸೇರಿದ ಮೇಲೆ ಪ್ರತಿ ಬೇಸಿಗೆ ರಜೆಯಲ್ಲಿ ಊರಿನ ಯಾವುದಾದರೂ ಕಚೇರಿ, ವರ್ಕ್‌ಶಾಪ್, ಅಂಗಡಿಯಲ್ಲಿ ಆರು ವಾರ ಕೆಲಸ ಮಾಡಲಿ. ಸಂಬಳ ಎಷ್ಟೆಂದು ಕೇಳಬೇಡಿ. ತಪ್ಪನ್ನು ತಿದ್ದುವವರು ಯಾರು ಎಂದು ಕೇಳಿ.

ಉಳಿಕೆ

ನಾನು ಕಂಡಂತೆ ಶಾಲೆ-ಕಾಲೇಜು ಮಕ್ಕಳನ್ನು ಕೆಲಸ ಕಲಿಯಲು ಸಿದ್ಧಗೊಳಿಸುತ್ತವೆ, ಕೆಲಸಕ್ಕೆ ಸಿದ್ಧಗೊಳಿಸುವುದಿಲ್ಲ. ಮೊದಲನೆಯದು ಇಲ್ಲದೆ ಎರಡನೆಯದು ಇಲ್ಲ, ಆದ್ದರಿಂದ ಓದನ್ನು ಹಗುರವಾಗಿ ಕಾಣಬೇಡಿ. ಇವೆರಡರ ನಡುವಿನ ಅಂತರಕ್ಕೆ ನಮ್ಮ ವೃತ್ತಿಯಲ್ಲಿ ಕಾನೂನೇ ಒಬ್ಬ ಹೊಣೆಗಾರನನ್ನು ಗೊತ್ತುಮಾಡಿದೆ. ಉಳಿದೆಡೆ ಆ ಜಾಗ ಖಾಲಿ ಇದೆ. ಈ ಸಭಾಂಗಣದಲ್ಲಿ ಇಂಜಿನಿಯರ್‌ಗಳಿದ್ದೀರಿ, ದಾದಿಯರಿದ್ದೀರಿ, ಮೇಸ್ತ್ರಿಗಳಿದ್ದೀರಿ, ವ್ಯಾಪಾರಸ್ಥರಿದ್ದೀರಿ. ಒಬ್ಬೊಬ್ಬರು ಬೇರೆ ಮನೆಯ ಒಂದು ಮಗುವಿಗೆ ವರ್ಷದ ಮಟ್ಟಿಗೆ ಹೊಣೆಯಾದರೂ ಸಾಕು, ಆ ಜಾಗ ತುಂಬುತ್ತದೆ. ಹೆಸರು ಬರೆದುಕೊಳ್ಳಲು ಹೊರಗಿನ ಮೇಜಿನ ಮೇಲೆ ಒಂದು ಪುಸ್ತಕ ಇಡಿ ಎಂದು ಆಯೋಜಕರನ್ನು ಕೋರುತ್ತೇನೆ. ಅದರ ಮೊದಲ ಸಾಲಿನಲ್ಲಿ ನನ್ನ ಹೆಸರಿರಲಿ.